ಒಂದೊಂದೇ ಪದ

ಯೋಹಾನ 15ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ, 9 ಮತ್ತು 10ನೇ ವಚನ. ಇವತ್ತು ಅದನ್ನು ಒಬ್ಬ ಮನುಷ್ಯನ ಜೀವನದಲ್ಲಿ ನೋಡೋಣ.

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ ಅವರ ಪ್ರತಿಮೆ ನೋಡಿದವರು ನಿಮ್ಮಲ್ಲಿ ಇದ್ದೀರಿ. ನಿಘಂಟು ಬರೆದವರು ಅಂತ ಗೊತ್ತು, ಅಷ್ಟೇ. ನಾನು ಕೊಕ್ಕಡದಲ್ಲಿ ಬೆಳೆದವ. ಮನೆಯಲ್ಲಿ ಮಲಯಾಳಂ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಬೈಬಲ್ ಕಾಲೇಜಿನ ಲೈಬ್ರರಿಯಲ್ಲಿ ಆ ದಪ್ಪ ಪುಸ್ತಕ ತೆರೆದಾಗ ಒಂದು ಕನ್ನಡ ಪದದ ಪಕ್ಕದಲ್ಲೇ ತಮಿಳು, ಮಲಯಾಳಂ, ತುಳು ಪದಗಳು ಇದ್ದವು. ನಮ್ಮ ಕೊಕ್ಕಡ ಪೇಟೆಯೇ ಒಂದು ಪುಟದಲ್ಲಿ ಕೂತ ಹಾಗೆ!

ಫರ್ಡಿನಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯಲ್ಲಿ. ತಂದೆ ಸಭಾಪಾಲಕರು. 1853ರಲ್ಲಿ ಬಾಸೆಲ್ ಮಿಷನ್ ಇವರನ್ನು ಧಾರವಾಡದ ಕಡೆಗೆ ಕಳಿಸಿತು. ವಯಸ್ಸು 21. ಇಲ್ಲಿ ಕೂತಿರುವ ಎಷ್ಟೋ ಜನರ ವಯಸ್ಸು! ಜನರ ಭಾಷೆ, ಹಾಡು, ಛಂದಸ್ಸು ಕಲಿಯದೆ ಸುವಾರ್ತೆ ಹೇಳಲಾಗದು ಎಂದು ಅವರು ನಂಬಿದ್ದರು. ಕರ್ತನ ಜೀವನವನ್ನು ಕನ್ನಡದ ಛಂದಸ್ಸಿನಲ್ಲೇ ಬರೆದರು, ಅದು 1862ರ ಕಥಾಮಾಲೆ. ಮಿಷನ್ನಿನಲ್ಲಿ ಎಲ್ಲರಿಗೂ ಇದು ಒಪ್ಪಿಗೆಯಾಗಲಿಲ್ಲ. ಧಾರವಾಡ, ಕೊಡಗು, ಮಂಗಳೂರು, ಕಳಿಸಿದಲ್ಲಿಗೆ ಹೋದರು.

1860ರಲ್ಲಿ ಮದುವೆ. ಹೆಂಡತಿ ಪೌಲೀನಾ. ನಾಲ್ಕೇ ವರ್ಷ. 1864ರಲ್ಲಿ ಅವರು ತೀರಿಕೊಂಡರು. ಆಮೇಲೆ ಅವರ ತಂಗಿ ಜೂಲಿಯನ್ನು ಮದುವೆಯಾದರು.

ಇಲ್ಲಿ ಸ್ವಲ್ಪ ನಿಲ್ಲಿ. ಆರಾಧನೆಯಲ್ಲಿ ಕಣ್ಣೀರು ಬಂದ್ರೆ ದೇವರ ಪ್ರೀತಿಯಲ್ಲಿದ್ದೇನೆ, ಬರದಿದ್ರೆ ಇಲ್ಲ ಅಂತ ನಾವು ಲೆಕ್ಕ ಹಾಕ್ತೇವೆ. ಕರ್ತನು ಹಾಗೆ ಹೇಳಲಿಲ್ಲ. ಪ್ರೀತಿ ಮೊದಲೇ ಕೊಟ್ಟಾಗಿದೆ, ವಿಧೇಯತೆಯಿಂದ ಅದನ್ನು ಕೊಂಡುಕೊಳ್ಳೋದಲ್ಲ, ಅದರೊಳಗೆ ಉಳಿಯೋದು. ಉಳಿಯೋದು ಹೇಗೆ ಕಾಣುತ್ತೆ? ಹೆಚ್ಚಾಗಿ ತುಂಬಾ ಬೋರಿಂಗ್ ಆಗಿ ಕಾಣುತ್ತೆ.

ನಿಘಂಟಿನ ಕೆಲಸ ಹಾಗೇ. ಹಳೆ ಕಾವ್ಯ ಓದಬೇಕು, ಪಂಡಿತರನ್ನು ಕೇಳಬೇಕು, ಗಾದೆ ಕೂಡಿಸಬೇಕು, ಚೀಟಿ ಜೋಡಿಸಬೇಕು. ನಾಳೆ ಮತ್ತೆ ಅದೇ. ನಮ್ಮ ಪಪ್ಪ ಹಣೆಗೆ ಲೈಟ್ ಕಟ್ಟಿ ನಸುಕಿಗೇ ರಬ್ಬರ್ ಟ್ಯಾಪಿಂಗಿಗೆ ಹೋಗ್ತಿದ್ರು, ನಿನ್ನೆಯ ಅದೇ ಮರಗಳಿಗೆ. 1877ರಲ್ಲಿ ಕಿಟ್ಟೆಲ್ ಊರಿಗೆ ಮರಳಿದರು. ಅಲ್ಲೇ ಉಳಿಯಬಹುದಿತ್ತು. ಕೆಲಸ ಮುಗಿದಿರಲಿಲ್ಲ, 1883ರಲ್ಲಿ, 51ನೇ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ನಿಘಂಟು ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟ. ಅಷ್ಟರಲ್ಲಿ ಅವರು ಜರ್ಮನಿಗೆ ಹೋಗಿಯಾಗಿತ್ತು. 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ನನ್ನ ಒಂದು ಸಾಕ್ಷಿ. ಡಿಪ್ಲೊಮಾ ಮುಗಿಸಿ ಬಂದಾಗ ನನಗೆ ಪ್ರಸಂಗಪೀಠ ಬೇಕಿತ್ತು. ಹಿರಿಯರು ಸಂಡೇ ಸ್ಕೂಲಿನ ಚಿಕ್ಕ ಮಕ್ಕಳನ್ನು ಕೊಟ್ರು. ಮೂರು ಭಾನುವಾರ ಜ್ವರ ಅಂತ ಸುಳ್ಳು ಹೇಳಿದೆ. ಆ ಮೂರು ವಾರ ಪ್ರಾರ್ಥನೆಗೆ ಬಾಯಿ ತೆರೆಯಲಿಲ್ಲ. ದೇವರು ದೂರ ಹೋಗಿರಲಿಲ್ಲ, ನಾನೇ ಮನೆಯಿಂದ ಹೊರಗೆ ನಿಂತಿದ್ದೆ. ನಾಲ್ಕನೇ ಭಾನುವಾರ ಹೋದೆ. ಒಬ್ಬ ಹುಡುಗ ಜ್ವರ ಬಿಡ್ತಾ ಅಂಕಲ್ ಅಂತ ಕೇಳಿದ. ಅವನಿಗೆ ನಿಜ ಹೇಳಿದೆ.

ಈ ವಾರ ನೀವು ಮುಂದೂಡಿದ ಒಂದು ಕೆಲಸ ಉಂಟಲ್ಲ, ಕ್ಷಮೆ ಕೇಳೋ ಫೋನ್ ಇರಬಹುದು, ಬಿಟ್ಟ ಉಪವಾಸ ಇರಬಹುದು, ಅದನ್ನು ಮನಸ್ಸಿಗೆ ತನ್ನಿ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ.