ಶಾಖದ ಲೆಕ್ಕ ಹಿಡಿದ ಜೋಸೆಫ್ ಸ್ಟೆಫಾನರು

ಕುಲುಮೆಯ ಕಬ್ಬಿಣವು ಕೆಂಪಗಾಗುವ ಮೊದಲೇ ಅದರ ಬಿಸಿ ನಮ್ಮ ಅಂಗೈಗೆ ತಾಗುವುದು. ಅದು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ಕಾರ್ಯ. ಹೀಗೆ ಹೊರಸೂಸುವ ಶಾಖದ ಪರಿಮಾಣವನ್ನು ಗಣಿಸುವ ಸೂತ್ರವನ್ನು ಕಂಡುಹಿಡಿದವರು ಜೋಸೆಫ್ ಸ್ಟೆಫಾನರು.

1835ರ ಮಾರ್ಚ್ 24ರಂದು ಆಸ್ಟ್ರಿಯದ ಕ್ಲಾಗನ್‌ಫುರ್ಟ್ ನಗರದ ಬಳಿ ಬಡ ಸ್ಲೊವೀನ್ ಮನೆತನದಲ್ಲಿ ಅವರು ಜನಿಸಿದರು. ತಂದೆ ಹಿಟ್ಟಿನ ಗಿರಣಿಯ ಆಳು, ತಾಯಿ ಮನೆಗೆಲಸದವಳು. ತಾರುಣ್ಯದಲ್ಲಿ ಮಾತೃಭಾಷೆಯಲ್ಲಿ ಕವಿತೆಗಳನ್ನೂ ಬರೆದ ಈ ಬಾಲಕ ವಿಯೆನ್ನದಲ್ಲಿ ವ್ಯಾಸಂಗ ಮಾಡಿ 1863ರಲ್ಲಿ ಅಲ್ಲಿಯೇ ಪ್ರಾಧ್ಯಾಪಕನಾದನೆಂಬುದು ಸಾಮಾನ್ಯ ಸಂಗತಿಯಲ್ಲ.

ಟಿಂಡಲ್ ಎಂಬ ವಿಜ್ಞಾನಿ ಪ್ಲಾಟಿನಂ ತಂತಿಯನ್ನು ಕಾಯಿಸಿ ಅದರ ವಿಕಿರಣವನ್ನು ಅಳೆದಿದ್ದರು. ಉಷ್ಣತೆಯು ಸುಮಾರು 525 ಡಿಗ್ರಿ ಸೆಲ್ಸಿಯಸ್‌ನಿಂದ 1200ಕ್ಕೆ ಏರಿದಾಗ ಶಾಖವು 11.7 ಪಟ್ಟಾಗಿತ್ತು. ಸ್ಟೆಫಾನರು ಎರಡಕ್ಕೂ 273ನ್ನು ಕೂಡಿಸಿ ನಿರಪೇಕ್ಷ ಉಷ್ಣತೆಯನ್ನು ಪಡೆದರು: 798 ಮತ್ತು 1473. ಇವುಗಳ ನಿಷ್ಪತ್ತಿಯ ನಾಲ್ಕನೆಯ ಘಾತ 11.6! ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುವುದೆಂದು 1879ರಲ್ಲಿ ಅವರು ಸಾರಿದರು. ಉಷ್ಣತೆ ಇಮ್ಮಡಿಯಾದರೆ ಶಾಖ ಹದಿನಾರು ಮಡಿ. ನಿಜಕ್ಕೂ ಈ ನಿಯಮವು ಪೂರ್ಣವಾಗಿ ಒಪ್ಪುವುದು ಕೃಷ್ಣಕಾಯಕ್ಕೆ ಮಾತ್ರ, ಪ್ಲಾಟಿನಂ ಅಂಥದಲ್ಲ. ಅಂಕಿಗಳು ಅಷ್ಟು ಚೆನ್ನಾಗಿ ಹೊಂದಿದ್ದು ಅದೃಷ್ಟವೆನ್ನಬೇಕು. ಆದರೆ ಅದೃಷ್ಟವನ್ನು ಗುರುತಿಸುವ ಕಣ್ಣು ಅವರಿಗಿತ್ತು.

ಸೂರ್ಯನ ಉಷ್ಣತೆಯನ್ನು ಅಂದಿನ ವಿದ್ವಾಂಸರು ಸಾವಿರಗಳಿಂದ ಕೋಟಿಯವರೆಗೆ ಮನಬಂದಂತೆ ಹೇಳುತ್ತಿದ್ದರು. ಸ್ಟೆಫಾನರ ಲೆಕ್ಕಕ್ಕೆ ಬಂದದ್ದು ಸುಮಾರು 5430 ಡಿಗ್ರಿ. ಇಂದಿನ ಮಾಪನವು ಸುಮಾರು 5500.

1884ರಲ್ಲಿ ಶಿಷ್ಯ ಬೋಲ್ಟ್ಸ್‌ಮನ್ನರು ಈ ನಿಯಮವನ್ನು ಸೈದ್ಧಾಂತಿಕವಾಗಿ ಸಾಧಿಸಿದರು. ಗುರುಶಿಷ್ಯರಿಬ್ಬರ ಹೆಸರೂ ಅದಕ್ಕೆ ನಿಂತಿತು. 1893ರ ಜನವರಿ 7ರಂದು ಸ್ಟೆಫಾನರು ವಿಯೆನ್ನದಲ್ಲಿ ಕಾಲವಾದರು.