ಸಿಗದಿದ್ದುದಕ್ಕೂ ಬೆಲೆ ಕೊಟ್ಟವರು: ರಾಬರ್ಟ್ ಬ್ರೂಸ್ ಫೂಟ್

ಎಂಟನೆಯ ತರಗತಿಯ ಶಿಲಾಗೋಳದ ಪಾಠವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ನಮಗೆಲ್ಲ ಒಂದು ತೊಡಕು ಎದುರಾಗುತ್ತದೆ. ಕಣಶಿಲೆಗಳಲ್ಲಿ ಪಳೆಯುಳಿಕೆಗಳಿರುತ್ತವೆ ಎಂದು ಹೇಳುತ್ತೇವೆ, ಚಾರ್ಟಿನಲ್ಲಿ ಟ್ರೈಲೊಬೈಟ್ ತೋರಿಸುತ್ತೇವೆ. ಆದರೆ ಬೆಂಗಳೂರಿನ ಮಕ್ಕಳು ಸುತ್ತಲಿನ ಕಲ್ಲುಗಳನ್ನು ಎಷ್ಟು ಹುಡುಕಿದರೂ ಅಂಥದ್ದು ಸಿಗುವುದಿಲ್ಲ. ಬೆನ್ಸನ್ ಟೌನಿನ ಶಾಲೆಯೊಂದರಲ್ಲಿ ಈ ಪಾಠ ಮಾಡುವಾಗ ನಾನು ರಾಬರ್ಟ್ ಬ್ರೂಸ್ ಫೂಟ್ ಅವರ ಜೀವನವನ್ನು ಪೂರಕ ಸಾಮಗ್ರಿಯಾಗಿ ಬಳಸಿಕೊಂಡೆ. ಸಹಪಾಠಿಗಳಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆದಿದ್ದೇನೆ.

ಫೂಟ್ ಅವರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿ ಮದರಾಸಿಗೆ ಬಂದರು. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ, ಮನುಷ್ಯನ ಕೈಯಿಂದ ಆಕಾರ ಪಡೆದ ಕಲ್ಲೊಂದನ್ನು ಗುರುತಿಸಿದರು. ಭಾರತದ ಹಳೆಯ ಶಿಲಾಯುಗದ ಅಧ್ಯಯನ ಅಲ್ಲಿಂದ ಶುರುವಾಯಿತು. ಇತಿಹಾಸ ಪಾಠದಲ್ಲಿ ಅವರ ಹೆಸರು ಬರುವುದು ಈ ಕಾರಣಕ್ಕೆ. ಆದರೆ ಅವರ ನೌಕರಿ ಕಲ್ಲಿನ ಪದರಗಳ ನಕ್ಷೆ ತಯಾರಿಸುವುದಾಗಿತ್ತು.

ಆ ಕೆಲಸದ ಮೇಲೆ ಅವರು ಬೆಳಗಾವಿ, ಧಾರವಾಡ, ಬಾಗಲಕೋಟೆ, ರಾಯಚೂರು, ಬಳ್ಳಾರಿಗಳ ಸೀಮೆಯಲ್ಲಿ ಅಲೆದರು. ಚಿನ್ನ ದೊರೆಯುವ ಶಿಲೆಗಳಿಗೆ ಧಾರವಾಡ ಶಿಲೆಗಳೆಂಬ ಹೆಸರು ಕೊಟ್ಟವರು ಅವರೇ. ಕೋಲಾರದ ಚಿನ್ನ ಇರುವುದೂ ಈ ಬಗೆಯ ಶಿಲೆಯಲ್ಲೇ. ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಬಂಗಾರಪೇಟೆಗೆ ರೈಲಿನಲ್ಲಿ ಹೋಗಿಬಂದ ಮಕ್ಕಳು ತರಗತಿಯಲ್ಲಿದ್ದರೆ ಇಲ್ಲಿಂದಲೇ ಅವರ ಆಸಕ್ತಿ ಕೆರಳಿಸಬಹುದು.

ನಮ್ಮ ಪಾಠಕ್ಕೆ ಮುಖ್ಯವಾದುದು ಅವರ 1876ರ ದೊಡ್ಡ ವರದಿ. ಕಲಾದಗಿ ಮತ್ತು ಭೀಮಾ ಶಿಲೆಗಳ ವಿವರ ಅದರಲ್ಲಿದೆ. ಬಾದಾಮಿಯ ಗುಹಾಲಯಗಳನ್ನು ಕೊರೆದ ಮರಳುಗಲ್ಲು ಕಲಾದಗಿ ಗುಂಪಿನದು. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಭೀಮಾ ಗುಂಪಿನ ಸುಣ್ಣಕಲ್ಲು. ಎರಡೂ ನೀರಿನಲ್ಲಿ ಪದರ ಪದರವಾಗಿ ಕೂತ ಕಣಶಿಲೆಗಳೇ. ಆದರೂ ಅವುಗಳಲ್ಲಿ ಫೂಟ್ ಅವರಿಗೆ ಒಂದು ಚಿಪ್ಪಾಗಲಿ, ಮೂಳೆಯಾಗಲಿ ಸಿಗಲಿಲ್ಲ.

ಹುಡುಕಲು ಬಾರದೆ ಹೀಗಾಯಿತೇ? ಅಲ್ಲ. ಅದೇ ಸೀಮೆಯಲ್ಲಿ, ಗೋಕಾಕದ ಹತ್ತಿರ, ಹೊಳೆ ಹಾಸಿದ ಮಣ್ಣಿನಲ್ಲಿ ಅವರಿಗೆ ಘೇಂಡಾಮೃಗದ ಮೂಳೆಗಳು ದೊರೆತವು. 1874ರಲ್ಲಿ ಅವರು ಅದನ್ನು ಹೊಸ ಜಾತಿಯೆಂದು ವರ್ಣಿಸಿದರು. ಮಣ್ಣಿನಲ್ಲಿ ಮೂಳೆ ಗುರುತಿಸಿದ ಕಣ್ಣಿಗೆ ಕಲ್ಲಿನಲ್ಲಿ ಚಿಪ್ಪು ಕಾಣಲಿಲ್ಲ ಎಂದಾಗ ಆ ಮಾತಿಗೆ ತೂಕ ಬರುತ್ತದೆ.

ಕಾರಣ ಪೂರ್ತಿ ಸ್ಪಷ್ಟವಾದದ್ದು ವಿಕಿರಣದ ಆಧಾರದಿಂದ ಕಲ್ಲಿನ ವಯಸ್ಸು ಅಳೆಯುವುದು ಬಂದ ಮೇಲೆ. ಗಟ್ಟಿ ಚಿಪ್ಪಿನ ಪ್ರಾಣಿಗಳು ಹೇರಳವಾಗಿ ಕಾಣತೊಡಗುವುದು ಸುಮಾರು 54 ಕೋಟಿ ವರ್ಷಗಳ ಹಿಂದೆ ಆರಂಭವಾದ ಕೇಂಬ್ರಿಯನ್ ಯುಗದಲ್ಲಿ. ಆ ಯುಗದ ಜೀವಿಗಳು ಕೆನಡಾದ ಬರ್ಜೆಸ್ ಶೇಲ್‌ನಲ್ಲಿ 1909ರಲ್ಲಿ ದೊರೆತವು. ಇನ್ನೂ ಹಳೆಯವು ಉತ್ತರ ಗ್ರೀನ್‌ಲ್ಯಾಂಡಿನ ಸಿರಿಯಸ್ ಪ್ಯಾಸೆಟ್ ಎಂಬಲ್ಲಿ 1984ರಲ್ಲಿ ಸಿಕ್ಕವು. ಕಲಾದಗಿಯ ಕಲ್ಲು ಆ ಯುಗಕ್ಕಿಂತ ಬಹಳ ಹಿಂದಿನದು. ಲಾಲ್‌ಬಾಗಿನ ಬಂಡೆಯಂತೂ ಸುಮಾರು 300 ಕೋಟಿ ವರ್ಷ ಹಳೆಯದು, ಅದು ಕಣಶಿಲೆಯೂ ಅಲ್ಲ. ಹಾಗೆಂದು ಆಗ ಜೀವವೇ ಇರಲಿಲ್ಲ ಎಂದು ಮಕ್ಕಳಿಗೆ ಹೇಳಬಾರದು. ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳ ಗುರುತು ಕಲಾದಗಿಯ ಸುಣ್ಣಕಲ್ಲಿನಲ್ಲಿ ಆಮೇಲೆ ಪತ್ತೆಯಾಗಿದೆ. ಜೀವ ಇತ್ತು, ಚಿಪ್ಪು ಇರಲಿಲ್ಲ.

ಪಾಠದ ನಡುವೆ ಒಬ್ಬ ಹುಡುಗಿ ಮನೆಯಿಂದ ತಂದ ಹಾಸುಗಲ್ಲಿನ ಚೂರನ್ನು ತೋರಿಸಿದಳು. ಅದರ ಮೇಲೆ ಜರೀಗಿಡದ ಎಲೆಯಂಥ ಕಪ್ಪು ಗೆರೆಗಳಿದ್ದವು. ಮ್ಯಾಂಗನೀಸ್ ಸೇರಿದ ನೀರು ಬಿರುಕಿನಲ್ಲಿ ಇಳಿದು ಬಿಡಿಸುವ ಚಿತ್ರವದು, ಗಿಡವಲ್ಲ. ಅದನ್ನು ಹೇಳಿದಾಗ ಅವಳ ಮುಖ ಬಾಡಿತು. ಇಂಥ ಹೊತ್ತಿನಲ್ಲಿ ಬರೀ ಅಲ್ಲ ಎಂದು ಕೂರಿಸಿಬಿಟ್ಟರೆ ಮಗು ಮತ್ತೆ ಕಲ್ಲು ತರುವುದಿಲ್ಲ. ನಾನು ಫೂಟ್ ಅವರ ಕಥೆ ಹೇಳಿ, ಗೆರೆ ಕಲ್ಲಿನ ಒಳಗೂ ಇದೆಯೋ ಬಿರುಕಿನ ಮೇಲಷ್ಟೇ ಇದೆಯೋ, ಎಲೆಗಿರುವ ನರ ಇದಕ್ಕಿದೆಯೋ ಎಂದು ಭೂತಗನ್ನಡಿಯಿಂದ ನೋಡಿ ಬರೆಯಲು ಹೇಳಿದೆ. ಇಡೀ ಸಾಲು ಎದ್ದು ಬಂತು.

ಫೂಟ್ ಅವರು 1891ರಲ್ಲಿ ನಿವೃತ್ತರಾದ ಮೇಲೂ ಬರೋಡಾ, ಮೈಸೂರು ಸಂಸ್ಥಾನಗಳಿಗೆ ಕೆಲಸ ಮಾಡಿದರು. ಏರ್ಕಾಡಿನಲ್ಲಿ ಮನೆ ಮಾಡಿದರು. ಅವರ ಶಿಲಾಯುಧ ಸಂಗ್ರಹ 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಸಂಗ್ರಹದ ವಿವರಪಟ್ಟಿ 1914ರಲ್ಲಿ ಅಚ್ಚಾಯಿತು.

ಈ ಪಾಠ ಮಾಡುವವರು ಪ್ರತಿ ಮಗುವಿನ ಕೈಗೂ ಮೂರು ಕಲಂಗಳ ಹಾಳೆ ಕೊಡಿ: ಕಲ್ಲು ಎಲ್ಲಿಯದು, ಏನು ಕಂಡಿತು, ಏನು ಹುಡುಕಿಯೂ ಕಾಣಲಿಲ್ಲ. ಮೌಲ್ಯಮಾಪನದಲ್ಲಿ ಮೂರನೆಯ ಕಲಮಿಗೂ ಅಂಕವಿರಲಿ.