ಮಹರ್ಷಿಗಳ ದೇಹತ್ಯಾಗ ಮತ್ತು ಭಕ್ತರ ಕಣ್ಣೀರು



ಶರಣರ ಹಿರಿಮೆಯನ್ನು ಮರಣದಲ್ಲಿ ಕಾಣಬೇಕೆಂದು ನಮ್ಮ ಹಳ್ಳಿಗಳ ಹಿರಿಯರು ಹೇಳುವುದುಂಟು. ಅದಕ್ಕೆ ನಾವು ಇನ್ನೊಂದು ಮಾತನ್ನು ಸೇರಿಸುತ್ತೇವೆ. ಶರಣರನ್ನು ನಂಬಿ ನಡೆದವರ ಗುಣವೂ ಅದೇ ಗಳಿಗೆಯಲ್ಲಿ ಹೊರಬೀಳುತ್ತದೆ. ಗುರುಗಳು ದೇಹ ಬಿಟ್ಟರೆಂಬ ಸುದ್ದಿ ಬಂದಾಗ ಜನ ಏತಕ್ಕಾಗಿ ಅಳುತ್ತಾರೆ, ಅತ್ತು ಕಣ್ಣೊರೆಸಿಕೊಂಡ ಮೇಲೆ ಯಾವ ದಾರಿ ಹಿಡಿಯುತ್ತಾರೆ ಎಂಬುದನ್ನು ನೋಡಿದರೆ, ಅವರು ಗುರುವಿನಿಂದ ಪಡೆದದ್ದೇನು ಎಂಬುದು ತಾನಾಗಿ ತಿಳಿಯುತ್ತದೆ. ಈ ದೃಷ್ಟಿಯಿಂದ ತಿರುವಣ್ಣಾಮಲೈಯ ಶ್ರೀ ರಮಣ ಮಹರ್ಷಿಗಳ ಚರಿತ್ರೆಯನ್ನು ಈ ಸಲ ನಿರೂಪಿಸಬೇಕೆಂದಿದ್ದೇವೆ.

ವೀರಶೈವ ಮಠದವರು ರಮಣರ ವಿಷಯ ಬರೆಯುವುದೇತಕ್ಕೆ ಎಂದು ಕೆಲವರಿಗೆ ಅನ್ನಿಸಬಹುದು. ಜ್ಞಾನಿಗೆ ಜಾತಿಯಿಲ್ಲವೆಂಬುದು ಒಂದು ಕಾರಣ. ಇನ್ನೊಂದು ಕಾರಣ ನಮಗೆ ಹತ್ತಿರದ್ದು. ಅರುಣಾಚಲದ ಬೆಟ್ಟದಲ್ಲಿ ಮಹರ್ಷಿಗಳು 1899ರಿಂದ 1916ರವರೆಗೆ ವಾಸವಾಗಿದ್ದದ್ದು ವಿರೂಪಾಕ್ಷ ಗುಹೆಯಲ್ಲಿ. ಆ ವಿರೂಪಾಕ್ಷದೇವರೂ, ಅದೇ ಬೆಟ್ಟದಲ್ಲಿ ತಪಸ್ಸು ಮಾಡಿದ ಗುಹೈ ನಮಶ್ಶಿವಾಯರೂ ಕನ್ನಡ ನಾಡಿನ ಕಡೆಯಿಂದ ಬಂದ ವೀರಶೈವ ಯೋಗಿಗಳೆಂದು ಅಲ್ಲಿಯ ಪರಂಪರೆ ಹೇಳುತ್ತದೆ. ವಿರೂಪಾಕ್ಷದೇವರ ದೇಹವೇ ವಿಭೂತಿಯಾಯಿತೆಂದು ನಂಬಿ, ಆ ವಿಭೂತಿಯ ಗದ್ದುಗೆಯನ್ನು ಇಂದಿಗೂ ಗುಹೆಯೊಳಗೆ ಪೂಜಿಸುತ್ತಾರೆ. ಶೈವಾಗಮಗಳ ಸಾಲಿಗೆ ಸೇರಿದ ದೇವೀಕಾಲೋತ್ತರವನ್ನು ಮಹರ್ಷಿಗಳು ತಮಿಳಿಗೆ ತಂದದ್ದೂ ಆ ಗುಹೆಯಲ್ಲಿದ್ದ ಕಾಲದಲ್ಲಿಯೇ. ಆದುದರಿಂದ ಅವರು ನಮಗೆ ಪರಕೀಯರಲ್ಲ.

ಮಹರ್ಷಿಗಳು ಹುಟ್ಟಿದ್ದು 1879ರ ಡಿಸೆಂಬರ್ 30ರಂದು, ಮಧುರೆಯ ಸೀಮೆಯ ತಿರುಚ್ಚುಳಿಯಲ್ಲಿ. ಹೆಸರು ವೆಂಕಟರಾಮನ್. ತಂದೆ ಸುಂದರಮಯ್ಯರ್, ತಾಯಿ ಅಳಗಮ್ಮಾಳ್. ತಂದೆಯವರು 1892ರಲ್ಲಿ ತೀರಿಕೊಂಡ ಮೇಲೆ ಹುಡುಗ ಮಧುರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬೆಳೆದ. 1896ರ ಜುಲೈ ತಿಂಗಳಲ್ಲಿ ಒಂದು ದಿನ, ಮೈಯಲ್ಲಿ ಯಾವ ರೋಗವೂ ಇಲ್ಲದೆ, ಹದಿನಾರು ವರ್ಷದ ಆ ಬಾಲಕನಿಗೆ ತಾನು ಸಾಯುತ್ತಿದ್ದೇನೆಂಬ ಭಯ ಆವರಿಸಿತು. ವೈದ್ಯರನ್ನು ಕೂಗಲಿಲ್ಲ, ಮನೆಯವರನ್ನು ಕರೆಯಲಿಲ್ಲ. ನೆಲದ ಮೇಲೆ ಹೆಣದಂತೆ ಚಾಚಿ ಮಲಗಿ, ಈಗ ಸಾಯುವುದು ಯಾವುದು, ಸಾಯದೆ ಉಳಿಯುವುದು ಯಾವುದು ಎಂದು ಒಳಗೇ ವಿಚಾರಿಸಿಕೊಂಡ. ದೇಹ ಬೇರೆ, ತಾನು ಬೇರೆ ಎಂಬ ಅರಿವು ಅಂದು ನೆಲೆಗೊಂಡಿತು. ಆರು ವಾರಗಳ ಮೇಲೆ, ಅಣ್ಣನ ಕಾಲೇಜು ಶುಲ್ಕಕ್ಕೆಂದು ಕೊಟ್ಟ ಐದು ರೂಪಾಯಿಗಳಲ್ಲಿ ಮೂರನ್ನು ದಾರಿಯ ಖರ್ಚಿಗೆ ತೆಗೆದುಕೊಂಡು, ಎರಡನ್ನು ಚೀಟಿಯ ಜೊತೆಗೆ ಅಲ್ಲಿಯೇ ಇಟ್ಟು ಮನೆ ಬಿಟ್ಟ. ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ಸೇರಿದ. ಐವತ್ತಮೂರು ವರ್ಷಗಳಿಗೂ ಮೇಲ್ಪಟ್ಟು ಆ ಕ್ಷೇತ್ರವನ್ನು ಬಿಟ್ಟು ಕದಲಲಿಲ್ಲ.

ಪಾತಾಳಲಿಂಗದ ಕತ್ತಲೆಯಲ್ಲಿ ಕುಳಿತಿದ್ದಾಗ ಹುಳುಗಳು ತೊಡೆ ಕಚ್ಚಿದ್ದು, ಪೋಕರಿ ಹುಡುಗರು ಕಲ್ಲೆಸೆದದ್ದು, ಶೇಷಾದ್ರಿ ಸ್ವಾಮಿಗಳು ಕಾವಲು ಕಾದದ್ದು, 1907ರಲ್ಲಿ ಕಾವ್ಯಕಂಠ ಗಣಪತಿ ಮುನಿಗಳು ಭಗವಾನ್ ಶ್ರೀ ರಮಣ ಮಹರ್ಷಿ ಎಂದು ಹೆಸರಿಟ್ಟದ್ದು, ಇವೆಲ್ಲ ನಿಮ್ಮಲ್ಲಿ ಅನೇಕರು ಓದಿ ಬಲ್ಲ ಸಂಗತಿಗಳು. ನಾವು ಎತ್ತಿ ಹೇಳಬೇಕಾದದ್ದು ಬೇರೊಂದು ಪ್ರಸಂಗ. ವಿರೂಪಾಕ್ಷ ಗುಹೆ ಊರೊಳಗಿನ ವಿರೂಪಾಕ್ಷ ಮಠಕ್ಕೆ ಸೇರಿದ್ದು. ಕಾರ್ತಿಕ ದೀಪದ ಕಾಲಕ್ಕೆ ಬೆಟ್ಟಕ್ಕೆ ಸಾವಿರಾರು ಜನ ಬರುತ್ತಿದ್ದರು. ಗುಹೆಗೆ ಬಂದವರಿಂದ ಮಠದವರು ಸಣ್ಣ ಕಾಣಿಕೆಯೊಂದನ್ನು ವಸೂಲು ಮಾಡತೊಡಗಿದರು. ತಮ್ಮನ್ನು ನೋಡಲು ಬಡವರು ಕಾಸು ಕೊಡಬೇಕಾಯಿತೆಂದು ತಿಳಿದ ಸ್ವಾಮಿಗಳು ಯಾರ ಮೇಲೂ ದೂರು ಹೇಳಲಿಲ್ಲ. ಎದ್ದು ಹೊರಗೆ ಬಂದು ಮರದ ಕೆಳಗೆ ಕುಳಿತರು. ಜನವೂ ಅಲ್ಲಿಗೇ ಬಂದಿತು. ಕಡೆಗೆ ಆ ವಸೂಲಿ ನಿಂತುಹೋಯಿತು. ಆ ಮಠ ನಮ್ಮವರದೇ ಆದರೂ ಈ ಸಂಗತಿಯನ್ನು ಮುಚ್ಚಿಡಬೇಕಾಗಿಲ್ಲ. ದರ್ಶನಕ್ಕೆ ಬೆಲೆ ಕಟ್ಟುವ ಆಸೆ ಯಾವ ಮಠಕ್ಕಾದರೂ ಬರಬಹುದು.

ಮುಂದೆಯೂ ಹೀಗೆಯೇ ನಡೆಯಿತು. ಮಧ್ಯಾಹ್ನ ಊಟದ ಮೇಲೆ ಎರಡು ತಾಸು ಮಹರ್ಷಿಗಳು ವಿಶ್ರಮಿಸಲಿ, ಆ ಹೊತ್ತಿನಲ್ಲಿ ಭಕ್ತರು ಒಳಗೆ ಬರಬಾರದು ಎಂದು ಆಶ್ರಮದವರು ಕಟ್ಟಳೆ ಮಾಡಿದಾಗ, ಆ ಕಟ್ಟಳೆ ಭಕ್ತರಿಗೆ ತಾನೇ, ತಮಗಲ್ಲವಲ್ಲ ಎಂಬ ಅರ್ಥದಲ್ಲಿ ಅವರೇ ಹೊರಗೆ ಬಂದು ಕುಳಿತರಂತೆ. ಬಂದವನು ಬರಿಗಣ್ಣಿನಲ್ಲಿ ಹಿಂದಿರುಗಬಾರದೆಂಬುದು ಅವರ ವ್ರತದಂತೆ ಇತ್ತು.

ತಾಯಿಯವರ ಅಂತ್ಯವನ್ನೂ ಇಲ್ಲಿ ಸ್ಮರಿಸಬೇಕು. ಮಗನನ್ನು ಮನೆಗೆ ಕರೆದೊಯ್ಯಲು 1898ರಲ್ಲಿ ಬಂದು ಅತ್ತು ಹಿಂದಿರುಗಿದ್ದ ಆ ತಾಯಿ, 1916ರಲ್ಲಿ ಮಗನ ಬಳಿಗೇ ಬಂದು ನೆಲೆಸಿದರು. 1922ರ ಮೇ 19ರಂದು ಅವರ ಪ್ರಾಣ ಹೋಗುವ ತನಕ ಮಹರ್ಷಿಗಳು ಒಂದು ಕೈಯನ್ನು ಎದೆಯ ಮೇಲೂ ಇನ್ನೊಂದನ್ನು ತಲೆಯ ಮೇಲೂ ಇಟ್ಟು ಕುಳಿತಿದ್ದರು. ಎಲ್ಲ ಮುಗಿದ ಮೇಲೆ, ಮೈಲಿಗೆಯೇನೂ ಇಲ್ಲ, ಊಟ ಮಾಡೋಣವೆಂದು ಎದ್ದರು. ಪಂಚಸೂತಕಗಳಿಲ್ಲವೆಂದು ನಂಬಿದ ನಮ್ಮವರಿಗೆ ಇದು ಹೊಸದಾಗಿ ತೋರದು. ಆದರೆ ನಂಬುವುದು ಬೇರೆ, ಹೆತ್ತ ತಾಯಿಯ ದೇಹ ಎದುರಿಗಿರುವಾಗ ಹಾಗೆ ಎದ್ದು ನಡೆಯುವುದು ಬೇರೆ. ತಾಯಿಯನ್ನು ದಹಿಸದೆ ಬೆಟ್ಟದ ಬುಡದಲ್ಲಿ ಸಮಾಧಿ ಮಾಡಿದರು. ಆ ಸಮಾಧಿಯ ಸುತ್ತಲೂ ಬೆಳೆದದ್ದೇ ಇಂದಿನ ರಮಣಾಶ್ರಮ.

ಇನ್ನು ಮಹರ್ಷಿಗಳ ಕಡೆಯ ಕಾಲ. 1948ರ ಕೊನೆಯಲ್ಲಿ ಎಡಗೈಯ ಮೊಳಕೈ ಹತ್ತಿರ ಸಣ್ಣ ಗಂಟೊಂದು ಕಾಣಿಸಿತು. 1949ರ ಫೆಬ್ರವರಿಯಲ್ಲಿ ಕೊಯ್ದು ತೆಗೆದರು. ಒಂದು ತಿಂಗಳಲ್ಲಿ ಮತ್ತೆ ಬೆಳೆಯಿತು. ಅದು ಸಾರ್ಕೋಮಾ ಎಂಬ ಕೆಟ್ಟ ಹುಣ್ಣೆಂದು ತಿಳಿಯಿತು. ಆ ವರ್ಷ ನಾಲ್ಕು ಸಲ ಶಸ್ತ್ರಚಿಕಿತ್ಸೆಯಾಯಿತು, ಕಡೆಯದು ಡಿಸೆಂಬರ್ ತಿಂಗಳಲ್ಲಿ. ತೋಳನ್ನೇ ತೆಗೆದುಬಿಡಬೇಕೆಂದು ವೈದ್ಯರು ಸೂಚಿಸಿದಾಗ ಮಹರ್ಷಿಗಳು ಒಪ್ಪಲಿಲ್ಲ. ಅವರಾಗಿ ಯಾವ ಮದ್ದನ್ನೂ ಬೇಡಲಿಲ್ಲ, ಬಂದವರನ್ನು ಬೇಡವೆಂದು ನೋಯಿಸಲೂ ಇಲ್ಲ. ಸೊಪ್ಪಿನ ರಸ ಕಟ್ಟುವ ನಾಟಿ ವೈದ್ಯರು, ಆಯುರ್ವೇದ ಪಂಡಿತರು, ಹೋಮಿಯೋಪಥಿಯವರು ಎಲ್ಲರೂ ತಮ್ಮ ತಮ್ಮ ಸರದಿಯಲ್ಲಿ ನೋಡಿದರು.

ಭಕ್ತರ ಪರಿಸ್ಥಿತಿ ಹೇಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಅನೇಕರು ಬಂದು, ತಾವು ಮನಸ್ಸು ಮಾಡಿದರೆ ಈ ರೋಗ ಒಂದು ಕ್ಷಣ ನಿಲ್ಲಲಾರದು, ನಮಗಾಗಿಯಾದರೂ ವಾಸಿ ಮಾಡಿಕೊಳ್ಳಿರಿ ಎಂದು ಕಾಲು ಹಿಡಿದರು. ದೇಹವೇ ಒಂದು ರೋಗ, ಆ ರೋಗಕ್ಕೆ ಇನ್ನೊಂದು ರೋಗ ಬಂದಿದೆ ಎಂಬ ಭಾವದಿಂದ ಅವರು ಸುಮ್ಮನಾಗುತ್ತಿದ್ದರು. ಬಿಟ್ಟು ಹೋಗುತ್ತೀರಲ್ಲಾ ಎಂದು ಅತ್ತವರಿಗೆ, ತಾವು ಹೋಗುವುದಾದರೂ ಎಲ್ಲಿಗೆ, ಇಲ್ಲಿಯೇ ಇರುವೆವಲ್ಲಾ ಎಂದು ತಿಳಿಹೇಳುತ್ತಿದ್ದರು. ಕೇಳಿದವರು ತಲೆದೂಗಿದರು, ಹೊರಗೆ ಬಂದು ಮತ್ತೆ ಅತ್ತರು.

ಅವರು ಅತ್ತದ್ದನ್ನು ಅಜ್ಞಾನವೆಂದು ಹಳಿಯಲು ನಮಗೆ ಮನಸ್ಸಿಲ್ಲ. ನಮ್ಮ ಮಠದ ಹಿರಿಯ ಗುರುಗಳು ಲಿಂಗೈಕ್ಯರಾದ ಮೇಲೆ ಒಬ್ಬ ಮುದುಕಿ ಗದ್ದುಗೆಯ ಮುಂದೆ ಕುಳಿತು, ಇನ್ನು ನನ್ನ ಮಗನ ಸಂಗತಿ ಯಾರ ಮುಂದೆ ಹೇಳಲಿ ಯಪ್ಪಾ ಎಂದು ನಮ್ಮನ್ನೇ ಕೇಳಿದಳು. ಆತ್ಮಕ್ಕೆ ಸಾವಿಲ್ಲವೆಂಬುದು ಆ ತಾಯಿಗೂ ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಕೇಳುವ ಎರಡು ಕಿವಿಗಳು. ಗುರುವಿನ ದೇಹದ ಮೇಲಿನ ಪ್ರೀತಿ ಹಾಗೆ ಸುಲಭವಾಗಿ ಬಿಡುವಂಥದಲ್ಲ, ಬಿಡಿಸಲು ಅವಸರ ಪಡುವುದೂ ಸಲ್ಲ.

1950ರ ಮೊದಲಿನಿಂದ ಮಹರ್ಷಿಗಳು ಒಂದು ಚಿಕ್ಕ ಕೋಣೆಯಲ್ಲಿ ಮಲಗಿದ್ದರು. ಭಕ್ತರು ಬೆಳಿಗ್ಗೆ ಮತ್ತು ಸಂಜೆ ಸಾಲಾಗಿ ಬಂದು, ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡಿ ಮುಂದೆ ಹೋಗುತ್ತಿದ್ದರು. ಆಯಾಸ ಹೆಚ್ಚಾದಾಗ ಇದನ್ನು ನಿಲ್ಲಿಸಬೇಕೆಂದು ಸೇವೆಯವರು ಯೋಚಿಸಿದರೂ ಅವರು ಬಿಡಲಿಲ್ಲ. ಗುಹೆಯ ಮುಂದೆ ಮರದ ಕೆಳಗೆ ಕುಳಿತವರೇ ಈ ಕೋಣೆಯಲ್ಲಿ ಮಲಗಿದ್ದವರು.

ಏಪ್ರಿಲ್ 13ರಂದು ವೈದ್ಯರು ಮದ್ದು ತಂದಾಗ, ಅದು ಬೇಕಿಲ್ಲ, ಎರಡು ದಿನಗಳಲ್ಲಿ ಎಲ್ಲವೂ ಸರಿಯಾಗುವುದೆಂದು ಹೇಳಿ ಬಿಟ್ಟರು. ಮರುದಿನ ಶುಕ್ರವಾರ, ಏಪ್ರಿಲ್ 14. ಸಂಜೆಯ ಸಾಲು ಎಂದಿನಂತೆ ಸಾಗಿತು. ಸೂರ್ಯಾಸ್ತದ ಹೊತ್ತಿಗೆ ತಮ್ಮನ್ನು ಎತ್ತಿ ಕೂರಿಸಲು ಹೇಳಿದರು. ಉಸಿರಾಟಕ್ಕೆಂದು ಆಮ್ಲಜನಕ ಹಿಡಿದಾಗ ಕೈಯಿಂದ ಸರಿಸಿದರು. ಹೊರಗೆ ಕುಳಿತ ಭಕ್ತರು, ಮಹರ್ಷಿಗಳೇ ಹಿಂದೆ ರಚಿಸಿದ ಅರುಣಾಚಲ ಅಕ್ಷರಮಣಮಾಲೆಯನ್ನು ಹಾಡತೊಡಗಿದರು. ಕಣ್ಣು ಒಮ್ಮೆ ತೆರೆದು, ಅಂಚಿನಿಂದ ನೀರು ಹರಿಯಿತು. ರಾತ್ರಿ 8 ಗಂಟೆ 47 ನಿಮಿಷಕ್ಕೆ ಉಸಿರು ನಿಂತಿತು. ಒದ್ದಾಟವಾಗಲಿ ನರಳಾಟವಾಗಲಿ ಇರಲಿಲ್ಲ.

ಫ್ರಾನ್ಸ್ ದೇಶದ ಹೆಸರಾಂತ ಛಾಯಾಚಿತ್ರಕಾರ ಹೆನ್ರಿ ಕಾರ್ಟಿಯೆ-ಬ್ರೆಸ್ಸೋನ್ ಆಗ ತಿರುವಣ್ಣಾಮಲೈಯಲ್ಲಿದ್ದರು. 1948ರಲ್ಲಿ ಗಾಂಧೀಜಿಯವರ ಕೊಲೆಗೆ ಸ್ವಲ್ಪ ಮುಂಚೆ ಅವರನ್ನು ಕಂಡು ಬಂದಿದ್ದವರೂ, ಆ ಅಂತ್ಯಯಾತ್ರೆಯ ಚಿತ್ರಗಳನ್ನು ತೆಗೆದವರೂ ಇವರೇ. ಸುಮಾರು ಅದೇ ಹೊತ್ತಿಗೆ ಬೆಳಕಿನ ಬಾಲವಿದ್ದ ಉಲ್ಕೆಯೊಂದು ಆಕಾಶದಲ್ಲಿ ನಿಧಾನವಾಗಿ ಸಾಗಿ ಅರುಣಾಚಲದ ಶಿಖರದ ಹಿಂದೆ ಮರೆಯಾದದ್ದನ್ನು ಕಂಡು, ಗಡಿಯಾರ ನೋಡಿಕೊಂಡು, ಆಶ್ರಮಕ್ಕೆ ಓಡಿಬಂದುದಾಗಿ ಅವರು ಹೇಳಿದ್ದಾರೆ. ಮದರಾಸಿನಲ್ಲಿಯೂ ಅದನ್ನು ಕಂಡವರಿದ್ದರು. ಕಂಡದ್ದನ್ನು ಕಂಡಂತೆ ಹೇಳಿದವರನ್ನು ನಾವು ಸಂಶಯಿಸುವುದಿಲ್ಲ. ಆದರೆ ಮಹರ್ಷಿಗಳ ಮಾತು ಬಂದಾಗಲೆಲ್ಲ ಉಲ್ಕೆಯನ್ನೇ ಮುಂದಿಟ್ಟು, ಆ ಸಂಜೆಯ ದರ್ಶನದ ಸಾಲನ್ನು ಮರೆಯುವುದು ನಮಗೆ ಸರಿಕಾಣದು.

ಆ ರಾತ್ರಿ ಊರಿನವರೂ ಸುತ್ತಲಿನ ಹಳ್ಳಿಯವರೂ ಬಂದರು. ದೇಹವನ್ನು ಪದ್ಮಾಸನದಲ್ಲಿ ಕೂರಿಸಿ, ಹೂಮಾಲೆ ಹಾಕಿ, ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಬೆಳಗಿನವರೆಗೂ ಸಾಲು ಕಡಿಯಲಿಲ್ಲ. ಕೆಲವರು ಎದೆ ಬಡಿದುಕೊಂಡು ಅತ್ತರು, ಕೆಲವರು ಹಾಡಿದರು, ಕೆಲವರು ಮೂಲೆಯಲ್ಲಿ ಕಣ್ಮುಚ್ಚಿ ಕುಳಿತರು. ಅಲ್ಲಿಯೇ ಇದ್ದ ಅರ್ಥರ್ ಆಸ್ಬೋರ್ನ್ ಎಂಬ ಇಂಗ್ಲಿಷ್ ಭಕ್ತರು ಬರೆದಿಟ್ಟಿರುವಂತೆ, ತಿಂಗಳುಗಳಿಂದ ಕುದಿಯುತ್ತಿದ್ದ ಆತಂಕ ಆ ಗಳಿಗೆಯ ನಂತರ ವಿಚಿತ್ರವಾಗಿ ಇಳಿದು, ಅನೇಕರ ಮನಸ್ಸಿನಲ್ಲಿ ಶಾಂತಿಯೊಂದು ನೆಲೆಸಿತು. ಈಗಿನ ಕಾಲದಲ್ಲಿ ಪೂಜ್ಯರೊಬ್ಬರು ಲಿಂಗೈಕ್ಯರಾದರೆ ಸಾಲಿನಲ್ಲಿ ನಿಂತವರ ಕೈಯಲ್ಲೆಲ್ಲ ಮೊಬೈಲು. ಮುಖ ನೋಡುವ ಒಂದು ಕ್ಷಣವೂ ಚಿತ್ರ ತೆಗೆಯುವುದರಲ್ಲಿ ಕಳೆದುಹೋಗುತ್ತದೆ. ಅಂದು ಛಾಯಾಚಿತ್ರ ತೆಗೆಯಲು ಕಾರ್ಟಿಯೆ-ಬ್ರೆಸ್ಸೋನ್‌ರಂಥವರು ಇದ್ದರು, ಉಳಿದವರು ಕಣ್ಣಿನಿಂದಲೇ ನೋಡಿದರು.

15ರ ಸಂಜೆ, ಮಹರ್ಷಿಗಳು ಬಹುಕಾಲ ಕುಳಿತ ಹಳೆಯ ಹಜಾರಕ್ಕೂ ತಾಯಿಯ ಗುಡಿಗೂ ನಡುವೆ, ವಿಭೂತಿ, ಕರ್ಪೂರ, ಉಪ್ಪು ತುಂಬಿ ಸಮಾಧಿ ಮಾಡಿದರು. ಆ ಮೇಲೆ ಅಲ್ಲಿ ಲಿಂಗಪ್ರತಿಷ್ಠೆಯಾಯಿತು. ಅವರು ಯಾರನ್ನೂ ತಮ್ಮ ಉತ್ತರಾಧಿಕಾರಿ ಗುರುವೆಂದು ನೇಮಿಸಿರಲಿಲ್ಲ. ಆಶ್ರಮದ ಆಡಳಿತ ತಮ್ಮ ನಿರಂಜನಾನಂದ ಸ್ವಾಮಿಗಳದು, ಗುರುಸ್ಥಾನ ಮಾತ್ರ ಸಮಾಧಿಯದೇ. ನಮ್ಮ ಮಠಗಳಿಗೆ ಪಟ್ಟ ಪರಂಪರೆ ಬೇಕು. ದೀಕ್ಷೆ ಕೊಡುವವರು, ಮಕ್ಕಳಿಗೆ ಅನ್ನ ಅಕ್ಷರ ನೋಡಿಕೊಳ್ಳುವವರು ಇರಲೇಬೇಕು. ಆದರೂ ಗದ್ದುಗೆಯ ಮಣ್ಣು ಆರುವ ಮೊದಲೇ ಮುಂದಿನವರು ಯಾರೆಂಬ ಮಾತು ಜಗುಲಿಗಳಲ್ಲಿ ಹಬ್ಬುವುದನ್ನು ಕಂಡಾಗ ಆ ಆಶ್ರಮದ ನೆನಪಾಗದೆ ಇರದು.

ದೇಹ ಮರೆಯಾದ ಮೇಲೆ ಅನೇಕರು ಆಶ್ರಮವನ್ನು ಬಿಟ್ಟು ಹೋದರು. ಕೆಲವರಿಗೆ ಸಂಸಾರದ ಕರೆ, ಕೆಲವರಿಗೆ ಇನ್ನೊಬ್ಬ ಗುರುವಿನ ಹುಡುಕಾಟ. ಕಿಕ್ಕಿರಿದಿದ್ದ ಜಾಗ ಬಿಕೋ ಎನ್ನುವಂತಾಯಿತು. ಉಳಿದ ಕೆಲವರು ದೊಡ್ಡ ಮಾತೇನೂ ಆಡಲಿಲ್ಲ. ಮಹರ್ಷಿಗಳ ಎದುರಿನಲ್ಲಿ ಬೆಳಿಗ್ಗೆ ಸಂಜೆ ನಡೆಯುತ್ತಿದ್ದ ವೇದಪಾರಾಯಣವನ್ನು ಸಮಾಧಿಯ ಎದುರಿನಲ್ಲಿ ಮುಂದುವರಿಸಿದರು. ಆಶ್ರಮದವರಿಗಿಂತ ಮೊದಲು ಬಾಗಿಲಿಗೆ ಬಂದ ಸಾಧುಗಳಿಗೂ ಬಡವರಿಗೂ ಅನ್ನ ನೀಡಬೇಕೆಂದು ಅವರು ಹಾಕಿಕೊಟ್ಟ ಪದ್ಧತಿಯೂ ನಿಲ್ಲಲಿಲ್ಲ. ಈಗಲೂ ಮಧ್ಯಾಹ್ನಕ್ಕೆ ಮೊದಲು ಅಲ್ಲಿಗೆ ಹೋದರೆ ಕೈಯಲ್ಲಿ ತಟ್ಟೆ ಪಾತ್ರೆ ಹಿಡಿದು ನಿಂತವರ ಸಾಲನ್ನು ನೀವು ಕಾಣಬಹುದು.